ಹತ್ತು ನಿಮಿಷದ ಆಕಾಶ

ಬಡಗಿಗಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಉಕ್ಕಿನ ಟೇಪು ಗೊತ್ತಲ್ಲ? ಅದರ ಒಂದು ತುಂಡನ್ನು ಮಡಚಿ ಹಿಡಿದು ಕೈ ಬಿಡಿ. ಟಪ್ ಅಂತ ನೆಟ್ಟಗಾಗುತ್ತದೆ. ಕಾಲೇಜು ಹುಡುಗ ಹುಡುಗಿಯರು ಕಟ್ಟುವ ಎಷ್ಟೋ ಪುಟ್ಟ ಉಪಗ್ರಹಗಳಿಗೆ ಇಂಥ ಟೇಪಿನ ತುಂಡೇ ಆಂಟೆನಾ. 437 ಮೆಗಾಹರ್ಟ್ಸ್ ಆಸುಪಾಸಿನ ಹ್ಯಾಮ್ (ಹವ್ಯಾಸಿ) ರೇಡಿಯೊ ತರಂಗಕ್ಕೆ ಸುಮಾರು 17 ಸೆಂಟಿಮೀಟರ್ ಉದ್ದದ ಪಟ್ಟಿ ಬೇಕು. ಉಪಗ್ರಹದ ಡಬ್ಬಿಯೋ, ಎತ್ತ ಅಳೆದರೂ 10 ಸೆಂಟಿಮೀಟರ್! ಅದಕ್ಕೇ ಟೇಪನ್ನು ಡಬ್ಬಿಗೆ ಸುತ್ತಿ, ಗಾಳದ ದಾರದಂಥ ನೈಲಾನ್ ಎಳೆಯಿಂದ ಕಟ್ಟಿ ಕಳಿಸುತ್ತಾರೆ. ಮೇಲೆ ಹೋದ ಮೇಲೆ ಒಂದು ಸಣ್ಣ ತಂತಿ ಬಿಸಿಯಾಗಿ ಆ ದಾರವನ್ನು ಸುಡಬೇಕು. ಸುಡದಿದ್ದರೆ ಎರಡು ವರ್ಷದ ದುಡಿಮೆ ಮೂಕವಾಗಿ ಭೂಮಿ ಸುತ್ತುತ್ತಿರುತ್ತದೆ, ಅಷ್ಟೆ.

2017ರ ಜುಲೈ 7ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಇಂಥ ಐದು ಡಬ್ಬಿಗಳು ಹೊರಬಿದ್ದವು. ಘಾನಾ, ನೈಜೀರಿಯಾ, ಬಾಂಗ್ಲಾದೇಶ, ಮಂಗೋಲಿಯಾ, ಜಪಾನ್, ಹೀಗೆ ದೇಶಕ್ಕೊಂದು. ಜಪಾನಿನ ಕ್ಯುಶು ತಾಂತ್ರಿಕ ಸಂಸ್ಥೆಯಲ್ಲಿ ಈ ದೇಶಗಳ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಕಟ್ಟಿದ್ದರು. ಯೋಜನೆಯ ಹೆಸರು ಬರ್ಡ್ಸ್. ಘಾನಾ, ಬಾಂಗ್ಲಾದೇಶ, ಮಂಗೋಲಿಯಾಗಳಿಗೆ ಅದು ಮೊಟ್ಟಮೊದಲ ಉಪಗ್ರಹ. ಮಂಗೋಲಿಯಾದವರು ಗೋಬಿ ಮರುಭೂಮಿಯ ಅಪರೂಪದ ಕರಡಿ ‘ಮಜಾಲಾಯ್’ ಹೆಸರಿಟ್ಟರು. ಬಾಂಗ್ಲಾದ ಬ್ರ್ಯಾಕ್ ವಿಶ್ವವಿದ್ಯಾಲಯದ್ದು ‘ಬ್ರ್ಯಾಕ್ ಒನ್ನೇಷಾ’. ಬಾಯಲ್ಲಿ ಒಮ್ಮೆ ಹೇಳಿ ನೋಡಿ, ನಮ್ಮ ‘ಅನ್ವೇಷಣೆ’ಯೇ ಅಲ್ವಾ?

ಐದೂ ಒಂದೇ ಅಚ್ಚಿನವು. ಇದು ಜಾಣತನ. ಒಂದರ ಬೋರ್ಡಿನಲ್ಲಿ ತಪ್ಪು ಸಿಕ್ಕರೆ ಐದರಲ್ಲೂ ಸರಿಮಾಡಬಹುದು.

ಇಂಥ ಯೋಜನೆಗಳ ಬಗ್ಗೆ ಮಾತು ಬಂದಾಗ ‘ಸ್ನೇಹ’, ‘ಸೌಹಾರ್ದ’ ಅಂತ ಭಾಷಣ ಶುರುವಾಗುತ್ತದೆ. ಇರಲಿ ಬಿಡಿ. ದೇಶಗಳು ಹೀಗೆ ಕೈಜೋಡಿಸಲು ನನಗೆ ಕಾಣುವ ಕಾರಣ ಬೇರೆ, ಅದು ಶುದ್ಧ ಲೆಕ್ಕದ್ದು. 400 ಕಿಲೋಮೀಟರ್ ಎತ್ತರದ ಉಪಗ್ರಹ ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್ ಓಡುತ್ತದೆ. ಆ ವೇಗಕ್ಕೆ ಬೆಂಗಳೂರಿನಿಂದ ಮೈಸೂರಿಗೆ 20 ಸೆಕೆಂಡೂ ಬೇಡ. ದಿಗಂತದಲ್ಲಿ ಹುಟ್ಟಿ, ನೆತ್ತಿ ದಾಟಿ, ಆಚೆ ಮುಳುಗಲು ಹೆಚ್ಚೆಂದರೆ ಹತ್ತು ನಿಮಿಷ. ನಿಮ್ಮ ಊರಿನ ಆಂಟೆನಾಗೆ ಇಂಥ ಅವಕಾಶ ದಿನಕ್ಕೆ ಕೆಲವೇ ಸಲ. ಉಳಿದ ಹೊತ್ತೆಲ್ಲ ನಿಮ್ಮ ಉಪಗ್ರಹ ಬೇರೆಯವರ ಆಕಾಶದಲ್ಲಿ ಇರುತ್ತದೆ.

ಆ ಹತ್ತು ನಿಮಿಷದಲ್ಲಿ ಎಷ್ಟು ಮಾಹಿತಿ ಇಳಿಸಬಹುದು? ಇಂಥ ಡಬ್ಬಿಗಳಲ್ಲಿ ಸೆಕೆಂಡಿಗೆ 9,600 ಬಿಟ್ ವೇಗ ಮಾಮೂಲು. ಒಂದು ಬಿಟ್ಟೂ ಕಳೆಯದೆ ಇಳಿದರೂ ಸುಮಾರು 720 ಕೆಬಿ. ಫೋನಿನಲ್ಲಿ ಸುಮ್ನೆ ತೆಗೆದ ಒಂದು ಫೋಟೋ ಇದರ ಮೂರು ನಾಲ್ಕು ಪಟ್ಟು ಇರುತ್ತದೆ. ಅಂದರೆ ಘಾನಾದ ಉಪಗ್ರಹ ಘಾನಾದ ಮೇಲೆ ಬರುವಾಗ ಮಾತ್ರ ಮಾತಾಡಿದರೆ ಒಂದು ಚಿತ್ರ ಇಳಿಸಲು ದಿನಗಳೇ ಬೇಕಾಗಬಹುದು. ಅದೇ ಉಪಗ್ರಹ ಢಾಕಾದ ಮೇಲೆ ಹೋಗುವಾಗ ಅಲ್ಲಿನ ಹುಡುಗರು ಕಿವಿಗೊಟ್ಟರೆ ಹೇಗೆ? ಅದನ್ನೇ ಮಾಡಿದರು. ಐದು ದೇಶಗಳ ಜೊತೆ ತೈವಾನ್, ಥಾಯ್ಲೆಂಡ್ ಸೇರಿ ಉಪಗ್ರಹದ ಮಾತು ಕೇಳುವ ಏಳು ನೆಲಕೇಂದ್ರಗಳು. ಐದೂ ಉಪಗ್ರಹಗಳಿಗೆ ಒಂದೇ ತರಂಗಾಂತರ. ಕ್ಲಾಸಿನಲ್ಲಿ ಹಾಜರಿ ಕರೆದಂತೆ, ಯಾರ ಹೆಸರು ಕರೆದರೋ ಅವರೇ ‘ಪ್ರೆಸೆಂಟ್’ ಅನ್ನಬೇಕು.

ಇದರೊಳಗೂ ಒಂದು ತಮಾಷೆ ಇದೆ. ಘಾನಾದ ಕೇಂದ್ರ ಕೊಫೊರಿಡುವಾದಲ್ಲಿ, ನೈಜೀರಿಯಾದ್ದು ಅಕುರೆಯಲ್ಲಿ. ನಡುವೆ ಸುಮಾರು 600 ಕಿಲೋಮೀಟರ್. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಉಪಗ್ರಹ ಕಾಣುತ್ತದೆ, ಹಾಗಾಗಿ ಪಕ್ಕದ ಮನೆಯವರಿಂದ ಲಾಭ ಕಡಿಮೆ. ದೂರದ ಮಂಗೋಲಿಯಾ ಬಂಗಾರ. ಈ ಉಪಗ್ರಹಗಳ ದಾರಿ ಉತ್ತರಕ್ಕೆ 51.6 ಡಿಗ್ರಿ ಅಕ್ಷಾಂಶದವರೆಗೆ ಹೋಗಿ ವಾಪಸ್ ತಿರುಗುತ್ತದೆ. ತಿರುವಿನ ಹತ್ತಿರ ಸುತ್ತುಗಳು ಒತ್ತೊತ್ತಾಗಿ ಬೀಳುತ್ತವೆ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್ ಇರುವುದು 48 ಡಿಗ್ರಿ ಹತ್ತಿರ. ಹಾಗಾಗಿ ಸಮಭಾಜಕದ ಪಕ್ಕದ ಘಾನಾಕ್ಕಿಂತ ಅಲ್ಲಿಗೆ ಭೇಟಿ ಜಾಸ್ತಿ.

ನಮ್ಮಲ್ಲೂ ಕಾಲೇಜುಗಳು ಕೈಜೋಡಿಸಿದ್ದುಂಟು. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಹೋದ ಸ್ಟಡ್‌ಸ್ಯಾಟ್ ಒಂದು ಕಿಲೋಗಿಂತ ಹಗುರ. ಬೆಂಗಳೂರು, ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅದನ್ನು ಕಟ್ಟಿದರು, ನೆಲಕೇಂದ್ರ ಯಲಹಂಕದಲ್ಲಿ ಎದ್ದಿತು. ಆಮೇಲೆ 2019ರಲ್ಲಿ ಇಸ್ರೋ ಬೆಂಗಳೂರಿನಲ್ಲೇ ‘ಉನ್ನತಿ’ ಅಂತ ತರಬೇತಿ ಶುರುಮಾಡಿ ಬೇರೆ ದೇಶಗಳ ಎಂಜಿನಿಯರುಗಳಿಗೆ ನ್ಯಾನೊ ಉಪಗ್ರಹ ಜೋಡಿಸುವುದನ್ನು ಕಲಿಸಿತು.

ಹಾಗಂತ ಈ ಡಬ್ಬಿಗಳಿಂದ ರೈತರಿಗೆ ಮಳೆ ಸುದ್ದಿ ಸಿಕ್ಕಿತು ಅಂದರೆ ಸುಳ್ಳಾಗುತ್ತದೆ. ಹತ್ತು ಸೆಂಟಿಮೀಟರ್ ಡಬ್ಬಿಯ ಕ್ಯಾಮೆರಾದಲ್ಲಿ ಹೊಲದ ಬದು ಕಾಣುವುದಿಲ್ಲ. ಆಯುಸ್ಸೂ ಕಡಿಮೆ. ಆ ಎತ್ತರದಲ್ಲೂ ತೆಳ್ಳಗೆ ಗಾಳಿ ಇದೆ, ಅದರ ಎಳೆತಕ್ಕೆ ಉಪಗ್ರಹ ನಿಧಾನಕ್ಕೆ ಇಳಿಯುತ್ತದೆ. ಬ್ರ್ಯಾಕ್ ಒನ್ನೇಷಾ 2019ರಲ್ಲಿ ಉರಿದುಹೋಯಿತು.

ಫಿಲಿಪ್ಪೀನ್ಸ್ ಎರಡನೇ ಬರ್ಡ್ಸ್ ತಂಡದಲ್ಲಿ ಇತ್ತು. ಅವರ ಉಪಗ್ರಹ ಮಾಯಾ-1 ಜಪಾನಿನಲ್ಲೇ ತಯಾರಾಗಿ 2018ರಲ್ಲಿ ಕಕ್ಷೆಗೆ ಇಳಿಯಿತು, ಮಾಯಾ-2 ಕೂಡ ಅಲ್ಲಿನದೇ. 2021ರ ಅಕ್ಟೋಬರಿನಲ್ಲಿ ನಿಲ್ದಾಣದಿಂದ ಹೊರಬಿದ್ದ ಮಾಯಾ-3, ಮಾಯಾ-4 ಮಾತ್ರ ಬೇರೆ. ಅವನ್ನು ಕಟ್ಟಿದ್ದು ಫಿಲಿಪ್ಪೀನ್ಸಿನ ಡಿಲಿಮಾನ್‌ನಲ್ಲಿ, ಅವರದೇ ವಿಶ್ವವಿದ್ಯಾಲಯದ ಆವರಣದಲ್ಲಿ.