ಮೂರನೇ ವರ್ಷಕ್ಕೆ ಬಂದ ಹಣ, ಮೊದಲ ವರ್ಷವೇ ಹೋದ ಮಕ್ಕಳು

ಅಲ್ಪಸಂಖ್ಯಾತರು ಎಂದೊಡನೆ ನಮಗೆ ನೆನಪಾಗುವುದು ಧರ್ಮದ ಲೆಕ್ಕ. ಅಮೆರಿಕದ ವೈದ್ಯಕೀಯ ಸಂಶೋಧನೆಯ ಕಡತಗಳಲ್ಲಿ ಲೆಕ್ಕ ಬೇರೆ. ಜನಸಂಖ್ಯೆಯಲ್ಲಿ ತಮಗಿರುವ ಪಾಲಿಗಿಂತ ಪ್ರಯೋಗಾಲಯದಲ್ಲಿ ತೀರಾ ಕಡಿಮೆ ಕಾಣಿಸುವವರು ಅಲ್ಲಿ ಆ ಪಟ್ಟಿಯಲ್ಲಿದ್ದಾರೆ: ಕಪ್ಪು ಜನ, ಹಿಸ್ಪಾನಿಕರು, ಮೂಲನಿವಾಸಿಗಳು, ಪೆಸಿಫಿಕ್ ದ್ವೀಪದವರು. ಅಲ್ಲೇ ಹುಟ್ಟಿದ ಕನ್ನಡಿಗರ ಮಗಳು ಇದಕ್ಕೆ ಸೇರುವುದಿಲ್ಲ. ಭಾರತೀಯ ಮೂಲದವರಿಗೆ ಲ್ಯಾಬುಗಳಲ್ಲಿ ಕೊರತೆಯಿಲ್ಲ.

ಈ ಕೊರತೆ ನೀಗಿಸಲು ಸರ್ಕಾರದ ಹಣ ಹರಿಯತೊಡಗಿದ್ದು 1972ರಲ್ಲಿ. ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ಕಪ್ಪು ವಿದ್ಯಾರ್ಥಿಗಳು ಹೆಚ್ಚಾಗಿದ್ದ ಕಾಲೇಜುಗಳ ಅಧ್ಯಾಪಕರಿಗೆ ಸಂಶೋಧನಾ ಅನುದಾನವನ್ನೂ ಅವರ ಲ್ಯಾಬಿನಲ್ಲಿ ದುಡಿಯುವ ಹುಡುಗರಿಗೆ ಕೂಲಿಯನ್ನೂ ಕೊಡತೊಡಗಿತು. ಟಸ್ಕೀಗಿಯಲ್ಲಿ ಕಪ್ಪು ಗಂಡಸರ ಸಿಫಿಲಿಸ್‌ಗೆ 40 ವರ್ಷ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತ ಕೂತ ಸರ್ಕಾರಿ ಅಧ್ಯಯನ ಬಯಲಾದದ್ದೂ ಅದೇ ವರ್ಷ. 1977ರಲ್ಲಿ ಎನ್‌ಐಎಚ್‌ನದೇ ಮಾರ್ಕ್ ಎಂಬ ಯೋಜನೆ ಪದವಿ ವಿದ್ಯಾರ್ಥಿಗಳನ್ನೂ ಒಳಗೊಂಡಿತು. ಕೊನೆಯ ಎರಡು ವರ್ಷ ಮಾಸಿಕ ಭತ್ಯೆ, ಶುಲ್ಕಕ್ಕೆ ನೆರವು, ಬೇಸಿಗೆಯಲ್ಲಿ ಬೇರೊಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೆಲಸ.

ಯೋಜನೆ ಒಳ್ಳೆಯದೇ, ಆದರೆ ಅದು ಶುರುವಾಗುತ್ತಿದ್ದುದು ಮೂರನೇ ವರ್ಷಕ್ಕೆ. ವಿಜ್ಞಾನ ಬಿಡುವವರಲ್ಲಿ ಬಹುಪಾಲು ಮಂದಿ ಮೊದಲ ಎರಡು ವರ್ಷಗಳಲ್ಲೇ, ಕ್ಯಾಲ್ಕುಲಸ್ ಮತ್ತು ರಸಾಯನಶಾಸ್ತ್ರದ ಕೋರ್ಸುಗಳಲ್ಲೇ ಜಾರಿಬಿಟ್ಟಿರುತ್ತಾರೆ.

ಯಾಕೆ ಜಾರುತ್ತಾರೆ ಎಂದು ಮೊದಲು ಹತ್ತಿರದಿಂದ ನೋಡಿದವರಲ್ಲಿ ಒಬ್ಬರು ಬರ್ಕ್ಲಿ ವಿಶ್ವವಿದ್ಯಾಲಯದ ಗಣಿತಜ್ಞ ಯೂರಿ ಟ್ರೈಸ್‌ಮನ್. 1970ರ ದಶಕದಲ್ಲಿ ಅವರು 20 ಕಪ್ಪು ಮತ್ತು 20 ಚೀನೀ ಮೂಲದ ವಿದ್ಯಾರ್ಥಿಗಳ ಬೆನ್ನು ಹತ್ತಿ, ಅವರು ಕ್ಯಾಲ್ಕುಲಸ್ ಹೇಗೆ ಓದುತ್ತಾರೆಂದು ತಿಂಗಳುಗಟ್ಟಲೆ ಗಮನಿಸಿದರು. ಕಪ್ಪು ವಿದ್ಯಾರ್ಥಿಗಳಿಗೆ ಆಸಕ್ತಿಯಿಲ್ಲ, ಮನೆಯವರ ಬೆಂಬಲವಿಲ್ಲ ಎಂದು ಅಧ್ಯಾಪಕರು ನಂಬಿದ್ದರು. ಎರಡೂ ಸುಳ್ಳಾಯಿತು. ಒಂದು ಗಂಟೆ ತರಗತಿಗೆ ಎರಡು ಗಂಟೆ ಓದಿ ಎಂಬ ಉಪದೇಶವನ್ನು ಆ ವಿದ್ಯಾರ್ಥಿಗಳು ಚಾಚೂ ತಪ್ಪದೆ ಪಾಲಿಸಿ ವಾರಕ್ಕೆ ಎಂಟು ಗಂಟೆ ಓದುತ್ತಿದ್ದರು, ಕೋಣೆಯಲ್ಲಿ ಒಬ್ಬೊಬ್ಬರೇ. ಚೀನೀ ಮೂಲದವರು ಅಷ್ಟನ್ನೂ ಓದಿ, ಮೇಲೆ ನಾಲ್ಕಾರು ಗಂಟೆ ಒಟ್ಟಿಗೆ ಕೂತು ಉತ್ತರ ಹೋಲಿಸಿ, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ಒಂಟಿಯಾಗಿ ಓದುವವನಿಗೆ ತನ್ನ ತಪ್ಪು ಗೊತ್ತಾಗುವುದು ಪರೀಕ್ಷೆಯ ಅಂಕ ಬಂದ ಮೇಲೆ. ಟ್ರೈಸ್‌ಮನ್ ಹೂಡಿದ ಕಾರ್ಯಾಗಾರಗಳು ದಡ್ಡರಿಗೆ ಟ್ಯೂಷನ್ ಆಗಿರಲಿಲ್ಲ; ಅಲ್ಲಿ ಕೊಡುತ್ತಿದ್ದುದು ಇನ್ನೂ ಕಠಿಣ ಲೆಕ್ಕಗಳನ್ನು, ಗುಂಪಿನಲ್ಲಿ ಬಿಡಿಸಲು.

ಈ ಬಗೆಯ ತಿಳಿವಳಿಕೆ ಪೂರ್ಣ ಯೋಜನೆಯ ರೂಪ ತಳೆದದ್ದು ಬಾಲ್ಟಿಮೋರ್ ಪಕ್ಕದ ಯುಎಂಬಿಸಿ ವಿಶ್ವವಿದ್ಯಾಲಯದಲ್ಲಿ. 1988ರಲ್ಲಿ ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ದಂಪತಿ ಐದು ಲಕ್ಷ ಡಾಲರ್ ಕೊಟ್ಟರು. ಗಣಿತಜ್ಞ ಫ್ರೀಮನ್ ರಬೌಸ್ಕಿ ಯೋಜನೆ ಕಟ್ಟಿದರು. 1989ರ ಮೊದಲ ತಂಡದಲ್ಲಿ 19 ಮಂದಿ, ಎಲ್ಲರೂ ಕಪ್ಪು ಹುಡುಗರು. ಮರುವರ್ಷ ಹುಡುಗಿಯರೂ ಬಂದರು.

ಕಾಲೇಜು ಶುರುವಾಗುವ ಮುಂಚೆಯೇ ಆರು ವಾರ ಕ್ಯಾಂಪಸ್‌ನಲ್ಲಿ ವಾಸ, ಗಣಿತ-ವಿಜ್ಞಾನದ ಪಾಠ, ಗುಂಪು ಅಧ್ಯಯನ. ವಿದ್ಯಾರ್ಥಿವೇತನ ಉಳಿಯಬೇಕಾದರೆ ಬಿ ದರ್ಜೆ ಉಳಿಯಬೇಕು. ರಬೌಸ್ಕಿಯವರ ಒಂದು ಸಲಹೆ ನಮ್ಮ ಕಾಲೇಜುಗಳಿಗೂ ವಿಚಿತ್ರವಾಗಿ ಕಂಡೀತು: ಬುನಾದಿ ಕೋರ್ಸಿನಲ್ಲಿ ಸಿ ಬಂದರೆ, ಪಾಸಾಗಿದ್ದರೂ ಅದನ್ನೇ ಮತ್ತೆ ಓದಿ. ಮೊದಲ ಕ್ಯಾಲ್ಕುಲಸ್ ಕೋರ್ಸಿನಲ್ಲಿ ಅರೆಬರೆ ಕಲಿತವನು ಎರಡನೆಯದರಲ್ಲಿ ಮುಗ್ಗರಿಸುವುದು ಗ್ಯಾರಂಟಿ. ಇದರ ಜತೆಗೆ ಎಚ್‌ಐವಿ ಸಂಶೋಧಕ ಮೈಕೆಲ್ ಸಮ್ಮರ್ಸ್‌ರಂಥ ಪ್ರಾಧ್ಯಾಪಕರು ಪದವಿ ಹಂತದ ಮಕ್ಕಳನ್ನೇ ಲ್ಯಾಬಿಗೆ ಕರೆದುಕೊಂಡರು. ಈ ಕೊನೆಯದಕ್ಕೆ ಹಣ ಹೊಂದಿಸುವುದು ಸುಲಭ, ಪ್ರಾಧ್ಯಾಪಕರ ಸಮಯ ಹೊಂದಿಸುವುದೇ ಕಷ್ಟ.

ಆಹ್ವಾನ ಬಂದರೂ ಬೇರೆ ಕಾಲೇಜಿಗೆ ಹೋದವರೊಂದಿಗೆ ಹೋಲಿಸಿದಾಗ, ಸೇರಿದವರು ವಿಜ್ಞಾನದ ಪಿಎಚ್‌ಡಿ ಹಾದಿ ಹಿಡಿಯುವ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚು ಎಂದು ಅಧ್ಯಯನಗಳು ತೋರಿಸಿದವು. ಪಿಎಚ್‌ಡಿಯ ಹಂಬಲ ಇದ್ದವರೇ ಸೇರಿರಬಹುದಲ್ಲ ಎಂಬ ಆಕ್ಷೇಪಕ್ಕೆ ಜಾಗವಿದೆ. ಆದರೆ ಐದು ಪಟ್ಟಿನ ಅಂತರ ಪೂರ್ತಿ ಅದರಿಂದಲೇ ಬಂತೆನ್ನುವುದು ನಂಬಲು ಕಷ್ಟ. ಮಾಡರ್ನಾದ ಕೋವಿಡ್ ಲಸಿಕೆಯ ಹಿಂದಿದ್ದ ಎನ್‌ಐಎಚ್ ವಿಜ್ಞಾನಿ ಕಿಜ್ಮೇಕಿಯಾ ಕಾರ್ಬೆಟ್ ಇಲ್ಲಿಂದ 2008ರಲ್ಲಿ ಪದವಿ ಪಡೆದವರು.

ಕೋರ್ಟಿನ ನೆರಳು ಬೇಗನೇ ಬಿತ್ತು. ಅದೇ ರಾಜ್ಯದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಿದ್ದ ಬೇರೊಂದು ವಿದ್ಯಾರ್ಥಿವೇತನವನ್ನು 1994ರಲ್ಲಿ ಮೇಲ್ಮನವಿ ನ್ಯಾಯಾಲಯ ಅಸಿಂಧುಗೊಳಿಸಿತು. 1996ರಲ್ಲಿ ಮೇಯರ್‌ಹಾಫ್ ಯೋಜನೆ ಎಲ್ಲ ಜನಾಂಗದವರಿಗೂ ಬಾಗಿಲು ತೆರೆಯಿತು. ಬೇಸಿಗೆಯ ಆರು ವಾರಕ್ಕೂ ಗುಂಪು ಓದಿಗೂ ಇದರಿಂದ ಏನೂ ಧಕ್ಕೆಯಾಗಲಿಲ್ಲ.

ಪದವಿ ದಾಟಿದ ಮೇಲೂ ಸೋರಿಕೆ ಇದೆ ಎಂದು ತಿಳಿದದ್ದು 2011ರಲ್ಲಿ. ತರಬೇತಿ, ಪ್ರಕಟಣೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಎನ್‌ಐಎಚ್ ಅನುದಾನ ಸಿಗುವ ಸಾಧ್ಯತೆ ಕಪ್ಪು ಅರ್ಜಿದಾರರಿಗೆ ಬಿಳಿಯರಿಗಿಂತ ಶೇ. 10 ಅಂಶಗಳಷ್ಟು ಕಡಿಮೆ ಎಂದು ಅರ್ಥಶಾಸ್ತ್ರಜ್ಞೆ ಡೊನ್ನಾ ಗಿಂಥರ್ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿತು. ಎನ್‌ಐಎಚ್ 2014ರಲ್ಲಿ ಬಿಲ್ಡ್ ಎಂಬ ಯೋಜನೆ ತಂದು ಮತ್ತೆ ಪದವಿ ಮಕ್ಕಳಿಗೇ ಹಣ ಕೊಟ್ಟಿತು. ಸೋರುತ್ತಿದ್ದುದು ಅರ್ಜಿ ಪರಿಶೀಲನೆಯ ಮೇಜಿನ ಬಳಿ, ತೇಪೆ ಹಾಕಿದ್ದು ಕಾಲೇಜಿನಲ್ಲಿ.

2023ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕಾಲೇಜು ಪ್ರವೇಶದಲ್ಲಿ ಜನಾಂಗ ಪರಿಗಣಿಸುವುದನ್ನು ನಿಲ್ಲಿಸಿತು. 2025ರಲ್ಲಿ ಎನ್‌ಐಎಚ್ ಮಾರ್ಕ್ ಸೇರಿದಂತೆ ಹಲವು ತರಬೇತಿ ಯೋಜನೆಗಳನ್ನೇ ಕೈಬಿಟ್ಟಿತು. ಆ ಅನುದಾನದಿಂದ ಬರುತ್ತಿದ್ದುದು ಮಕ್ಕಳ ಭತ್ಯೆ ಮಾತ್ರವಲ್ಲ, ಬೇಸಿಗೆ ಲ್ಯಾಬುಗಳನ್ನು ಗೊತ್ತುಮಾಡುತ್ತಿದ್ದ ಸಂಯೋಜಕರ ಸಂಬಳವೂ ಹೌದು. ಖಾಸಗಿ ದತ್ತಿಯಿರುವ ಕಡೆ ಬೇಸಿಗೆ ಶಿಬಿರ ಉಳಿದೀತು. ಅಂಥ ದತ್ತಿಯಿಲ್ಲದ ಸಣ್ಣ ಕಾಲೇಜಿನ ಹುಡುಗನ ಮುಂದಿರುವುದು, ಸಂಜೆ ಲ್ಯಾಬಿಗೆ ಹೋಗುವುದೋ ಅಂಗಡಿಯ ಪಾಳಿಗೆ ಹೋಗುವುದೋ ಎಂಬ 1972ಕ್ಕೂ ಹಿಂದಿನ ಪ್ರಶ್ನೆ.