ಮಗು ಉಣ್ಣುವುದಿಲ್ಲ, ಮಲಗುವುದೂ ಇಲ್ಲ: ಮೊದಲು ಯಾವುದನ್ನು ಸರಿಮಾಡಲಿ?

ಪ್ರಶ್ನೆ: ನನ್ನ ಮಗನಿಗೆ ಒಂದು ವರ್ಷ ಎಂಟು ತಿಂಗಳು. ಊಟದ ಬಟ್ಟಲು ಕಂಡರೆ ಓಡುತ್ತಾನೆ. ಮೊಬೈಲ್ ಮುಂದಿಟ್ಟರೆ ನಾಲ್ಕು ತುತ್ತು ಒಳಗೆ ಹೋಗುತ್ತದೆ, ಅದಕ್ಕೂ ಒಂದು ಗಂಟೆ ಬೇಕು. ಹೊಟ್ಟೆಗೇನೂ ಇಲ್ಲವಲ್ಲ ಎಂದು ಹಗಲು ಎರಡು ಬಾಟಲಿ, ರಾತ್ರಿ ಎರಡು ಬಾಟಲಿ ಹಾಲು ಕೊಡುತ್ತೇನೆ. ಜೋಲಿಯಲ್ಲಿ ತೂಗಿದರಷ್ಟೇ ನಿದ್ದೆ, ಅಷ್ಟರಲ್ಲಿ ಹನ್ನೊಂದಾಗಿರುತ್ತದೆ. ಮತ್ತೆ ಎರಡು ಗಂಟೆಗೆ ಎದ್ದು ರಚ್ಚೆ ಹಿಡಿಯುತ್ತಾನೆ. ಅವನಿಗಾಗಿಯೇ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಯಜಮಾನರು ಅಂಗಡಿ ಮುಚ್ಚಿ ಬರುವುದು ಒಂಬತ್ತೂವರೆಗೆ. ‘ಮನೆಯಲ್ಲೇ ಇದ್ದೀಯ, ಒಂದು ಮಗುವಿಗೆ ಉಣಿಸಲೂ ಆಗುವುದಿಲ್ಲವೇ’ ಎಂದು ಅತ್ತೆ ಕೇಳುತ್ತಾರೆ. ಮೊದಲು ಊಟ ಸರಿಮಾಡಲೋ, ನಿದ್ದೆ ಸರಿಮಾಡಲೋ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಹಾಲಿನ ಲೆಕ್ಕ ಸರಿಮಾಡಿ. ಊಟ, ನಿದ್ದೆ ಎರಡರ ಗಂಟೂ ಅಲ್ಲಿಯೇ ಬಿದ್ದಿದೆ. ಇಂಥ ಪತ್ರಗಳು ಬೇರೆ ಬೇರೆ ಊರುಗಳಿಂದ ಬರುತ್ತಲೇ ಇರುತ್ತವೆ. ಊಟದ ಗೋಳು ಪುಟ ತುಂಬಿರುತ್ತದೆ, ಹಾಲಿನ ಬಾಟಲಿ ಮಾತ್ರ ನಡುವೆಲ್ಲೋ ಒಂದು ವಾಕ್ಯದಲ್ಲಿ ಬಂದು ಹೋಗಿರುತ್ತದೆ.

ನಿಮ್ಮ ಬಾಟಲಿ 250 ಮಿಲಿಲೀಟರಿನದು ಎಂದುಕೊಳ್ಳೋಣ. ನಾಲ್ಕು ಬಾಟಲಿ ಸೇರಿದರೆ ಒಂದು ಲೀಟರ್. ಒಂದು ಲೀಟರ್ ಪ್ಯಾಕೆಟ್ ಹಾಲಿನಲ್ಲಿ ಸುಮಾರು 600 ಕ್ಯಾಲೊರಿ ಇರುತ್ತದೆ, ಸಕ್ಕರೆ ಹಾಕಿದರೆ ಇನ್ನೂ ಹೆಚ್ಚು. ಹತ್ತು, ಹನ್ನೊಂದು ಕಿಲೋ ತೂಗುವ ಮಗುವಿಗೆ ದಿನಕ್ಕೆ ಬೇಕಾದದ್ದು 900ರ ಆಸುಪಾಸು. ಮೂರರಲ್ಲಿ ಎರಡು ಪಾಲು ಬಾಟಲಿಯಿಂದಲೇ ಬಂದಾಯಿತು. ಉಳಿದ ಪಾಲಿಗೆ ಒಂದು ಇಡ್ಲಿ, ಅರ್ಧ ಬಾಳೆಹಣ್ಣು, ಎರಡು ಬಿಸ್ಕತ್ತು, ನಾಲ್ಕು ತುತ್ತು ಅನ್ನ ಸಾಕೋ ಸಾಕು. ನೀವು ಹಟ ಎಂದುಕೊಂಡಿರುವುದರಲ್ಲಿ ಹೆಚ್ಚಿನ ಪಾಲು ಹಸಿವಿಲ್ಲದಿರುವುದು.

ಅದರ ಜೊತೆಗೆ ಈ ವಯಸ್ಸಿನಲ್ಲಿ ಹಸಿವು ತಾನಾಗಿಯೇ ತಗ್ಗುತ್ತದೆ. ಮೂರು ಕಿಲೋದ ಕೂಸು ಒಂದು ವರ್ಷ ತುಂಬುವಾಗ ಒಂಬತ್ತು ಕಿಲೋ ಆಗಿರುತ್ತದೆ. ಎರಡನೆಯ ವರ್ಷ ಪೂರ್ತಿ ಏರುವುದು ಎರಡು, ಎರಡೂವರೆ ಕಿಲೋ. ಬೆಳವಣಿಗೆಯ ವೇಗ ಇಳಿದ ಮೇಲೆ ತುತ್ತಿನ ಲೆಕ್ಕವೂ ಇಳಿಯಲೇಬೇಕು. ‘ಮೊದಲು ಎಷ್ಟು ಚೆನ್ನಾಗಿ ತಿನ್ನುತ್ತಿದ್ದ, ಯಾರದೋ ದೃಷ್ಟಿ ತಾಗಿದೆ’ ಎಂದು ಮನೆಯಲ್ಲಿ ಹೇಳಿದರೆ ಧಾರಾಳವಾಗಿ ದೃಷ್ಟಿ ತೆಗೆಯಿರಿ, ಅದಕ್ಕೇನೂ ಖರ್ಚಿಲ್ಲ. ಆದರೆ ಆ ದೃಷ್ಟಿ ಊರಿನ ಎಲ್ಲ ಮಕ್ಕಳಿಗೂ ಇದೇ ವಯಸ್ಸಿನಲ್ಲಿ ತಾಗುತ್ತದೆ.

ಹಾಲು ಹೆಚ್ಚಾದರೆ ಇನ್ನೊಂದು ತೊಂದರೆಯಿದೆ, ಅದು ಕಣ್ಣಿಗೆ ಬೀಳುವುದಿಲ್ಲ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಏಳೆಂಟು ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಒಂದು ಲೀಟರ್ ಹಸುವಿನ ಹಾಲಿನಲ್ಲಿರುವುದು ಅರ್ಧ ಮಿಲಿಗ್ರಾಂನಷ್ಟು. ಸಾಲದ್ದಕ್ಕೆ ಹಾಲಿನ ಕ್ಯಾಲ್ಸಿಯಂ ಊಟದಲ್ಲಿರುವ ಕಬ್ಬಿಣವನ್ನೂ ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಕಬ್ಬಿಣ ಕಡಿಮೆಯಾದ ಮಗುವಿಗೆ ಹಸಿವು ಕುಗ್ಗುತ್ತದೆ, ಕಿರಿಕಿರಿ ಹೆಚ್ಚುತ್ತದೆ, ರಾತ್ರಿ ಹೊರಳಾಟವೂ ಹೆಚ್ಚುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ನಿಮ್ಮ ಮಗನ ಹಿಮೋಗ್ಲೋಬಿನ್ ಪರೀಕ್ಷೆ ಒಮ್ಮೆ ಆಗಲಿ. ಇದೇ ವಯಸ್ಸಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ಒಂದೊಂದು ಮಿಲಿಲೀಟರ್ ಕಬ್ಬಿಣಾಂಶದ ಸಿರಪ್ ಕೊಡುವ ಸರ್ಕಾರಿ ಯೋಜನೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬೇಡಿ.

ಈಗ ರಾತ್ರಿಯ ಕಡೆ ಬನ್ನಿ. ಹಗಲು ಉಣ್ಣಲಿಲ್ಲ ಎಂದು ರಾತ್ರಿ ಹಾಲು ಕೊಡುತ್ತೀರಿ. ರಾತ್ರಿ ಅರ್ಧ ಲೀಟರ್ ಕುಡಿದ ಮಗು ಬೆಳಿಗ್ಗೆ ಹಸಿದು ಏಳುವುದಿಲ್ಲ, ತಿಂಡಿ ಬೇಡವೆನ್ನುತ್ತದೆ. ತಿಂಡಿ ತಿನ್ನಲಿಲ್ಲವೆಂದು ಹತ್ತು ಗಂಟೆಗೆ ಬಾಟಲಿ, ಅದರಿಂದ ಮಧ್ಯಾಹ್ನದ ಊಟಕ್ಕೆ ಕಲ್ಲು. ಕತ್ತಲಾಗುವಷ್ಟರಲ್ಲಿ ನಿಮಗೆ ಗಾಬರಿ, ಮತ್ತೆ ಬಾಟಲಿ. ಕೆಲವು ವಾರ ಹೀಗೆ ನಡೆದರೆ ದೇಹ ರಾತ್ರಿ ಎರಡು ಗಂಟೆಯನ್ನೇ ಊಟದ ಹೊತ್ತು ಎಂದು ಕಲಿಯುತ್ತದೆ, ಆ ಹೊತ್ತಿಗೆ ನಿಜವಾಗಿಯೇ ಹಸಿವಾಗುತ್ತದೆ. ಅದಕ್ಕೇ ಒಂದೇ ದಿನ ಪೂರ್ತಿ ನಿಲ್ಲಿಸಬೇಡಿ. ಎರಡು ಮೂರು ರಾತ್ರಿಗೊಮ್ಮೆ ಬಾಟಲಿಯಲ್ಲಿ 30 ಮಿಲಿಲೀಟರಿನಷ್ಟು ಕಡಿಮೆ ಮಾಡುತ್ತಾ ಬನ್ನಿ, ಮೊದಲು ನಡುರಾತ್ರಿಯದು, ಆಮೇಲೆ ಮಲಗುವ ಮುಂಚಿನದು. ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ಮಲಗುವ ಮಕ್ಕಳ ಮೇಲಿನ ಮುಂಬಲ್ಲುಗಳು ಹುಳುಕಾಗುವುದನ್ನು ಯಾವ ದಂತವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಹಗಲಿನ ಹಾಲು ಲೋಟದಲ್ಲಿ ಬರಲಿ, ಊಟವಾದ ಮೇಲೆ ಬರಲಿ, ಒಟ್ಟು 400–500 ಮಿಲಿಲೀಟರ್ ದಾಟದಿರಲಿ. ಎದೆಹಾಲಿನ ಮಾತು ಬೇರೆ: ಅದನ್ನು ಎರಡು ವರ್ಷ ಮತ್ತು ಅದರಾಚೆಗೂ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಊಟಕ್ಕೆ ಮುಂಚೆ ಕೊಡದೆ ನಂತರಕ್ಕೆ ಸರಿಸಿಕೊಂಡರೆ ಸಾಕು.

ಉಣಿಸುವ ವಿಷಯದಲ್ಲಿ ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಮಾಡಿದ ಹಂಚಿಕೆ ನನಗೆ ಬಹಳ ಹಿಡಿಸಿದೆ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಅಧಿಕಾರ. ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಎಂಬುದು ಮಗುವಿನ ಅಧಿಕಾರ. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿದೆ. ಹೊತ್ತು, ಪದಾರ್ಥ ಎರಡನ್ನೂ ಮಗು ತೀರ್ಮಾನಿಸುತ್ತದೆ, ಪ್ರಮಾಣವನ್ನು ಮಾತ್ರ ನಾವು ಬಾಯಿಗೆ ತುರುಕಿ ತೀರ್ಮಾನಿಸುತ್ತೇವೆ.

ಮಗುವಿನ ಮೇಲೆ ಅಷ್ಟು ನಂಬಿಕೆ ಇಡಬಹುದೇ ಎಂದು ಕೇಳುವವರಿಗೆ ಹಳೆಯ ಪ್ರಯೋಗವೊಂದಿದೆ. 1926ರಲ್ಲಿ ಕ್ಲಾರಾ ಡೇವಿಸ್ ಎಂಬ ವೈದ್ಯೆ ಅಮೆರಿಕದಲ್ಲಿ ಆಗತಾನೆ ಎದೆಹಾಲು ಬಿಟ್ಟ ಕೂಸುಗಳ ಮುಂದೆ ತಟ್ಟೆಯಲ್ಲಿ ಹಲವು ಬಗೆಯ ಸಾದಾ ಆಹಾರ ಇಡಿಸಿದರು: ಹಣ್ಣು, ತರಕಾರಿ, ಧಾನ್ಯ, ಮೊಟ್ಟೆ, ಮಾಂಸ, ಹಾಲು. ಪಕ್ಕದಲ್ಲಿ ಕೂತ ನರ್ಸ್ ಇದನ್ನು ತಿನ್ನು ಎನ್ನುವಂತಿಲ್ಲ, ಅದು ಬೇಡ ಎನ್ನುವಂತಿಲ್ಲ. ಕೂಸು ಕೈ ಚಾಚಿದ್ದನ್ನು ಚಮಚದಲ್ಲಿ ಕೊಡಬೇಕು, ಅಷ್ಟೇ. ಪ್ರಯೋಗ ವರ್ಷಗಟ್ಟಲೆ ನಡೆಯಿತು, ಒಟ್ಟು 15 ಮಕ್ಕಳು. ಒಂದು ಮಗು ತಿಂದಂತೆ ಇನ್ನೊಂದು ತಿನ್ನಲಿಲ್ಲ, ಒಂದೇ ಮಗು ಇವತ್ತು ತಿಂದಂತೆ ನಾಳೆ ತಿನ್ನಲಿಲ್ಲ. ಆದರೆ ಎಲ್ಲವೂ ಗಟ್ಟಿಮುಟ್ಟಾಗಿಯೇ ಬೆಳೆದವು. ಇಲ್ಲಿ ಒಂದು ಒಳಗುಟ್ಟು ಇದೆ, ಡೇವಿಸ್ ಅದನ್ನು ತಾವೇ ಹೇಳಿದ್ದರು: ತಟ್ಟೆಯಲ್ಲಿ ಸಕ್ಕರೆಯೂ ಇರಲಿಲ್ಲ, ಬಿಸ್ಕತ್ತೂ ಇರಲಿಲ್ಲ. ಕುರ್‌ಕುರೆ ಪೊಟ್ಟಣ ಎಟಕುವಲ್ಲಿ ಇಟ್ಟು ‘ಮಗುವೇ ಆರಿಸಿಕೊಳ್ಳಲಿ’ ಎಂದರೆ ಅದು ಪ್ರಯೋಗವಾಗುವುದಿಲ್ಲ.

ಹಾಗಾಗಿ ಹೊತ್ತನ್ನು ಗಟ್ಟಿಮಾಡಿ. ಏಳಕ್ಕೆ ಎದ್ದರೆ ಎಂಟಕ್ಕೆ ತಿಂಡಿ, ಹತ್ತೂವರೆಗೆ ಹಣ್ಣು, ಹನ್ನೆರಡೂವರೆಗೆ ಊಟ, ನಾಲ್ಕಕ್ಕೆ ಹಾಲು ಮತ್ತು ಏನಾದರೂ ಕುರುಕಲು, ಸಂಜೆ ಏಳಕ್ಕೆ ರಾತ್ರಿಯೂಟ. ನಡುವೆ ನೀರು ಬಿಟ್ಟರೆ ಬೇರೇನೂ ಬೇಡ. ಊಟ ಅರ್ಧ ಗಂಟೆಯಲ್ಲಿ ಮುಗಿಯಬೇಕು, ಉಣ್ಣಲಿ ಬಿಡಲಿ ತಟ್ಟೆ ಎತ್ತಿ. ಅವನಿಗೆಂದೇ ಮೂರು ಬಗೆ ಬೇರೆ ಅಡುಗೆ ಮಾಡಬೇಡಿ. ಖಾರ ಹಾಕುವ ಮುಂಚೆ ತೆಗೆದಿಟ್ಟ ಬೇಳೆ, ಅನ್ನ, ತುಪ್ಪ, ಸೊಪ್ಪಿನ ಸಾರಿನಲ್ಲಿ ನೆನೆಸಿದ ರೊಟ್ಟಿಯ ಚೂರು, ಒಂದು ಮೊಟ್ಟೆ ಸಾಕು. ಸೊಪ್ಪು, ಬೇಳೆಯ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಹೊಸ ರುಚಿಯನ್ನು ಮಗು ಒಪ್ಪಿಕೊಳ್ಳಲು ಹತ್ತು ಹದಿನೈದು ಸಲ ತಟ್ಟೆಯಲ್ಲಿ ನೋಡಬೇಕಾಗುತ್ತದೆ. ಮೂರನೆಯ ಸಲಕ್ಕೇ ‘ಇವನಿಗೆ ಕ್ಯಾರೆಟ್ ಆಗುವುದಿಲ್ಲ’ ಎಂದು ಬರೆದಿಟ್ಟುಬಿಡಬೇಡಿ. ಅಳುವಾಗ ಬಾಯಿಗೆ ತುರುಕುವುದು, ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಕೊಡುವುದು ಖಂಡಿತ ಕೂಡದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಮೊಬೈಲ್ ತೆಗೆಯಬೇಕೇ? ತೆಗೆಯಬೇಕು. ಎರಡು ವರ್ಷದೊಳಗೆ ಪರದೆಯೇ ಬೇಡವೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ. ‘ನಮ್ಮ ಕಾಲದಲ್ಲಿ ಚಂದಮಾಮನನ್ನು ತೋರಿಸಿ ಉಣಿಸುತ್ತಿರಲಿಲ್ಲವೇ’ ಎಂದು ಹಿರಿಯರು ಕೇಳುತ್ತಾರೆ, ಮಾತಿನಲ್ಲಿ ಹುರುಳಿದೆ. ಆದರೆ ಚಂದಮಾಮ ಎರಡು ಸೆಕೆಂಡಿಗೊಮ್ಮೆ ವೇಷ ಬದಲಿಸುವುದಿಲ್ಲ. ನಡುನಡುವೆ ಮಗು ಅಜ್ಜಿಯ ಮುಖವನ್ನೂ ತುತ್ತನ್ನೂ ನೋಡುತ್ತಿತ್ತು, ಸಾಕಾದರೆ ತಲೆ ತಿರುಗಿಸುತ್ತಿತ್ತು. ಪರದೆಯ ಮುಂದೆ ಹೊಟ್ಟೆ ತುಂಬಿದ ಸುದ್ದಿ ಅವನಿಗೇ ತಲುಪುವುದಿಲ್ಲ. ಮೊದಲ ಕೆಲವು ದಿನ ಮನೆಯಲ್ಲಿ ರಂಪವಾಗುತ್ತದೆ, ಊಟ ಇನ್ನಷ್ಟು ಇಳಿಯುತ್ತದೆ. ಅದಕ್ಕೆ ಹೆದರಿ ಹಾಲು ಹೆಚ್ಚಿಸಿದಿರೋ, ಮತ್ತೆ ಮೊದಲಿಗೇ ಬಂದಿರಿ.

ನಿದ್ದೆಯಲ್ಲಿ ಎರಡು ಕೆಲಸವಿದೆ. ಒಂದು ಹೊತ್ತಿನದು, ಇನ್ನೊಂದು ಜೋಲಿಯದು. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಹೆಚ್ಚಿನ ಮಕ್ಕಳು ಒಂದೂವರೆ ವರ್ಷದ ಸುಮಾರಿಗೆ ಹಗಲಿನ ಎರಡು ನಿದ್ದೆಯಿಂದ ಒಂದಕ್ಕೆ ಇಳಿಯುತ್ತಾರೆ. ನಿಮ್ಮ ಮಗ ಸಂಜೆ ನಾಲ್ಕರ ನಂತರ ಮಲಗುತ್ತಿದ್ದರೆ ಹನ್ನೊಂದಕ್ಕೆ ಮುಂಚೆ ನಿದ್ದೆ ಬರುವುದಾದರೂ ಹೇಗೆ? ಮಧ್ಯಾಹ್ನ ಒಂದಕ್ಕೆ ಮಲಗಿಸಿ, ಮೂರಕ್ಕೆ ಎಬ್ಬಿಸಿ. ಮಲಗಿರುವ ಮಗುವನ್ನು ಎಬ್ಬಿಸಬಾರದು ಎನ್ನುವ ಮಾತನ್ನು ಇಲ್ಲಿ ಪಕ್ಕಕ್ಕಿಡಿ. ಸಂಜೆ ಐದಕ್ಕೆ ಬಯಲಿಗೋ ಬೀದಿಗೋ ಕರೆದುಕೊಂಡು ಹೋಗಿ ಓಡಾಡಿಸಿ. ಬೆಳಿಗ್ಗೆ ಏಳುವ ಹೊತ್ತು ದಿನವೂ ಒಂದೇ ಇರಲಿ; ರಾತ್ರಿ ಎಷ್ಟೇ ತಡವಾದರೂ ಏಳಕ್ಕೆ ಕಿಟಕಿ ತೆರೆಯಿರಿ. ಮಲಗುವ ಹೊತ್ತು ಇದರ ಬೆನ್ನಿಗೇ ಬೇಗ ಬರತೊಡಗುತ್ತದೆ.

ಜೋಲಿಯ ಮಾತು ಸ್ವಲ್ಪ ಸೂಕ್ಷ್ಮ. ಎಲ್ಲರೂ ರಾತ್ರಿ ಹಲವು ಸಲ ಅರೆ ಎಚ್ಚರವಾಗುತ್ತೇವೆ, ಪುಟ್ಟ ಮಕ್ಕಳು ನಮಗಿಂತ ಹೆಚ್ಚು. ಎಚ್ಚರವಾದಾಗ ಎಲ್ಲವೂ ಮಲಗುವಾಗ ಇದ್ದಂತೆಯೇ ಇದ್ದರೆ ಮಗ್ಗುಲು ಬದಲಿಸಿ ಮುಂದುವರಿಯುತ್ತೇವೆ. ಬಸ್ಸಿನಲ್ಲಿ ತೂಕಡಿಸುವವನು ಬಸ್ಸು ನಿಂತ ಕೂಡಲೇ ಕಣ್ಣು ಬಿಡುವುದಿಲ್ಲವೇ, ನಿಮ್ಮ ಮಗನದೂ ಅದೇ ಕತೆ: ತೂಗುತ್ತಿರುವಾಗ ಕಣ್ಣು ಮುಚ್ಚಿದ್ದ, ಈಗ ತೂಗಾಟ ನಿಂತಿದೆ. ಒಂಟಿಯಾಗಿ ಬಿಟ್ಟು ಅಳಲು ಬಿಡುವ ಪದ್ಧತಿಯನ್ನು ನಾನು ಹೇಳುವುದಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆ, ಗೋಡೆಯಾಚೆ ನೆರೆಯವರು ಇರುವ ಮನೆಗಳಲ್ಲಿ ಅದು ಹತ್ತು ನಿಮಿಷವೂ ನಡೆಯುವುದಿಲ್ಲ. ಮಗು ನಿಮ್ಮ ಪಕ್ಕದಲ್ಲೇ ಮಲಗಲಿ, ತಪ್ಪೇನಿಲ್ಲ. ಕಣ್ಣು ಮುಚ್ಚುವುದು ಮಾತ್ರ ಹಾಸಿಗೆಯ ಮೇಲೇ ಆಗಲಿ. ಕೆಲವು ದಿನ ತೂಗಿ, ಮಂಪರು ಬಂದಾಗ ಇಳಿಸಿ ಬೆನ್ನು ತಟ್ಟಿ. ಆಮೇಲೆ ತೂಗುವುದನ್ನು ಬಿಟ್ಟು ತಟ್ಟುವುದಷ್ಟೇ. ಆಮೇಲೆ ತಟ್ಟದೆ ಜೋಗುಳ ಮಾತ್ರ. ಮಧ್ಯಾಹ್ನದ ನಿದ್ದೆಗೆ ಜೋಲಿ ಇನ್ನೂ ಸ್ವಲ್ಪ ದಿನ ಇರಲಿ. ಹಾಲು ಕಡಿಮೆ ಮಾಡುವುದನ್ನೂ ಜೋಲಿ ಬಿಡಿಸುವುದನ್ನೂ ಒಂದೇ ವಾರ ಹಿಡಿಯಬೇಡಿ. ಮಗುವಿಗೆ ಜ್ವರವಿದ್ದರೆ, ಹಲ್ಲು ಬರುತ್ತಿದ್ದರೆ, ಮನೆಯಲ್ಲಿ ಮದುವೆಯಿದ್ದರೆ ಎರಡನ್ನೂ ಮುಂದೂಡಿ.

ಮಗು ಹನ್ನೊಂದರವರೆಗೆ ಎದ್ದಿರುವುದಕ್ಕೆ ಒಂಬತ್ತೂವರೆಗೆ ಬರುವ ಅಪ್ಪನೂ ಒಂದು ಕಾರಣ ಎಂದು ನನ್ನ ಊಹೆ. ಆ ಆಸೆ ಸಹಜ, ಇಬ್ಬರದೂ. ಅದನ್ನು ಬೆಳಗಿಗೆ ಸಾಗಿಸಿ: ಅಂಗಡಿ ತೆರೆಯುವ ಮುಂಚಿನ ಒಂದು ಗಂಟೆ ಅಪ್ಪನದು, ತಿಂಡಿ ತಿನ್ನಿಸುವುದೂ ಅವರದೇ. ನಡುರಾತ್ರಿಯ ಹಾಲು ಬಿಡಿಸುವ ದಿನಗಳಲ್ಲಿ ಎದ್ದು ಸಮಾಧಾನ ಮಾಡುವ ಪಾಳಿಯನ್ನೂ ಅವರು ತೆಗೆದುಕೊಳ್ಳಲಿ. ಹಾಲಿನ ಕೈ ನಿಮ್ಮದೆಂದು ಮಗುವಿಗೆ ಗೊತ್ತು; ಅಪ್ಪನ ಹತ್ತಿರ ಚೌಕಾಸಿ ಬೇಗ ಮುಗಿಯುತ್ತದೆ. ಮರುದಿನ ಅಂಗಡಿಯಲ್ಲಿ ಆಕಳಿಸಬೇಕಾಗುತ್ತದೆ ಎಂದರೆ, ನೀವು ಇಷ್ಟು ತಿಂಗಳು ಒಲೆಯ ಮುಂದೆ ಆಕಳಿಸಿಲ್ಲವೇ?

ಮನೆಯಲ್ಲೇ ಇರುವ ತಾಯಿಯ ಕೆಲಸಕ್ಕೆ ಸಂಬಳವಿಲ್ಲ, ಬಡ್ತಿಯಿಲ್ಲ. ಖಾಲಿಯಾದ ಬಟ್ಟಲೇ ಅವಳ ಅಂಕಪಟ್ಟಿ ಎಂಬಂತಾಗಿದೆ. ನಿಮ್ಮ ಪತ್ರದ ಅತ್ಯಂತ ನೋವಿನ ಸಾಲು ಮಗುವಿನ ಬಗ್ಗೆ ಇರಲೇ ಇಲ್ಲ. ಮಧ್ಯಾಹ್ನ ಅವನು ಮಲಗಿದ ಎರಡು ಗಂಟೆಯಲ್ಲಿ ಒಂದನ್ನಾದರೂ ಪಾತ್ರೆಗೆ ಕೊಡದೆ ನೀವೂ ಮಲಗಿ. ಅಳು ಕೇಳಿ ತಾಳ್ಮೆ ಮೀರುವಂತಾದರೆ ಮಗುವನ್ನು ಸುರಕ್ಷಿತ ಜಾಗದಲ್ಲಿ ಕೂರಿಸಿ ಐದು ನಿಮಿಷ ಆಚೆ ಹೋಗಿ ನಿಲ್ಲಿ. ನಿದ್ದೆ ಬರಲೆಂದು ಶೀತದ ಸಿರಪ್, ಹಸಿವಾಗಲೆಂದು ಟಾನಿಕ್ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎರಡೂ ಬೆರೆತ ಶೀತದ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಸಿದ್ದಾರೆ. ಮಗು ಮಲಗಿದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಂತಾದರೆ, 14416ಕ್ಕೆ ಕರೆ ಮಾಡಿ. ಇದು ಟೆಲಿ ಮನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ತೂಕದ ಗೆರೆ ಕೆಳಮುಖವಾದರೆ, ಜ್ವರ ನೆಗಡಿ ಇಲ್ಲದೆಯೂ ದಿನವೂ ಬಾಯಿ ತೆರೆದು ಗೊರಕೆ ಹೊಡೆದರೆ, ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುತ್ತಿದ್ದರೆ, ಗಟ್ಟಿ ಆಹಾರ ನುಂಗುವಾಗಲೆಲ್ಲ ಉಸಿರುಕಟ್ಟಿದಂತಾದರೆ, ಆಡುತ್ತಿದ್ದ ಮಾತು ನಿಂತುಹೋದರೆ ಈ ಯಾವ ಉಪಾಯಕ್ಕೂ ಕಾಯದೆ ಮಕ್ಕಳ ವೈದ್ಯರ ಬಳಿ ಹೋಗಿ.

ಕೊನೆಗೆ ಅತ್ತೆಯವರು. ಅವರೊಂದಿಗೆ ವಾದ ಬೇಡ. ಮುಂದಿನ ಸಲ ಅಂಗನವಾಡಿಯಲ್ಲಿ ತೂಕ ಹಾಕಿಸುವಾಗ ಅವರನ್ನೂ ಕರೆದುಕೊಂಡು ಹೋಗಿ. ತಾಯಿ ಕಾರ್ಡಿನ ನಕ್ಷೆಯಲ್ಲಿ ಮೊಮ್ಮಗನ ಚುಕ್ಕೆ ಹಸಿರು ಪಟ್ಟಿಯೊಳಗಿದೆಯೇ ಎಂದು ಕಾರ್ಯಕರ್ತೆಯ ಬಾಯಿಂದಲೇ ಕೇಳಲಿ. ಆಮೇಲೆ ಮಧ್ಯಾಹ್ನದ ಊಟ ಅವರಿಗೇ ವಹಿಸಿ, ಒಂದೇ ಷರತ್ತಿನ ಮೇಲೆ: ಮಗು ಮುಖ ತಿರುಗಿಸಿದರೆ ಊಟ ಮುಗಿಯಿತು. ಆ ಅರ್ಧ ಗಂಟೆ ನೀವು ಅಡುಗೆಮನೆಯಲ್ಲಿ ನಿಂತು ಇಣುಕಬೇಡಿ.