ಪದ ಪರಿಚಯ: ಮೂಡ್ ಮೀಟರ್

ಮಗು ತನಗೆ ಈ ಹೊತ್ತಿನಲ್ಲಿ ಏನನ್ನಿಸುತ್ತಿದೆ ಎಂದು ಗುರುತಿಸಿ ಅದಕ್ಕೊಂದು ಹೆಸರು ಕೊಡಲು ಬಳಸುವ ನಾಲ್ಕು ಮನೆಗಳ ಚಾರ್ಟೇ ಮೂಡ್ ಮೀಟರ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ, ಭಾವನೆಗಳನ್ನು ಅರಿತು ನಿಭಾಯಿಸಲು ಕಲಿಸುವ ‘ರೂಲರ್’ ಕಾರ್ಯಕ್ರಮದ ಮೂಲಕ ಇದು ಶಾಲೆಗಳಲ್ಲಿ ಬಳಕೆಗೆ ಬಂತು. ಇಂಥ ಕಲಿಕೆಯನ್ನು ಸಾಮಾಜಿಕ-ಭಾವನಾತ್ಮಕ ಕಲಿಕೆ ಎನ್ನುತ್ತಾರೆ. 1994ರಲ್ಲಿ ಶುರುವಾದ ‘ಕ್ಯಾಸೆಲ್’ ಸಂಸ್ಥೆ ಅದಕ್ಕೆ ಐದು ಅಂಗಗಳನ್ನು ಹೇಳುತ್ತದೆ: ತನ್ನನ್ನು ಅರಿಯುವುದು, ತನ್ನನ್ನು ನಿಭಾಯಿಸಿಕೊಳ್ಳುವುದು, ಇತರರನ್ನು ಅರಿಯುವುದು, ಸಂಬಂಧ ಕಾಯ್ದುಕೊಳ್ಳುವುದು, ಹೊಣೆಯರಿತು ನಿರ್ಧರಿಸುವುದು. ಮೂಡ್ ಮೀಟರ್ ಮೊದಲನೆಯದರ ಅಭ್ಯಾಸ. ಅದು ಗಟ್ಟಿಯಾಗದೆ ಉಳಿದ ನಾಲ್ಕು ನೆಲೆ ನಿಲ್ಲುವುದು ಕಷ್ಟ.

ಚಾರ್ಟಿನ ಅಡ್ಡಗೆರೆ ಹಿತವನ್ನು ಹೇಳುತ್ತದೆ: ಎಡಕ್ಕೆ ಹೋದಷ್ಟೂ ಕಡಿಮೆ, ಬಲಕ್ಕೆ ಹೋದಷ್ಟೂ ಹೆಚ್ಚು. ನೆಟ್ಟಗೆರೆ ಮೈಮನಸ್ಸಿನ ಚುರುಕನ್ನು ಹೇಳುತ್ತದೆ: ಕೆಳಗೆ ಕಡಿಮೆ, ಮೇಲೆ ಹೆಚ್ಚು. ಮೇಲಿನ ಎಡ ಮನೆ ಕೆಂಪು: ಸಿಟ್ಟು, ದಿಗಿಲು, ಕಸಿವಿಸಿ. ಮೇಲಿನ ಬಲ ಹಳದಿ: ಹುರುಪು, ಸಂಭ್ರಮ. ಕೆಳಗಿನ ಎಡ ನೀಲಿ: ದುಃಖ, ಒಂಟಿತನ, ಸುಸ್ತು. ಕೆಳಗಿನ ಬಲ ಹಸಿರು: ನೆಮ್ಮದಿ, ನಿರಾಳ.

ಒಬ್ಬ ಮೆಂಟರ್‌ಗೆ, ಅಂದರೆ ಮಕ್ಕಳ ಜೊತೆ ಕೂತು ಇದನ್ನು ನಡೆಸುವ ಹಿರಿಯರಿಗೆ, ಆರರಿಂದ ಎಂಟು ಮಕ್ಕಳಿದ್ದರೆ ನಲವತ್ತು ನಿಮಿಷದ ಅವಧಿಯಲ್ಲಿ ಮೊದಲ ಹತ್ತು ನಿಮಿಷ ಇದಕ್ಕೆ ಸಾಕು. ಒಂದು ನಿಮಿಷ ಎಲ್ಲರೂ ಸುಮ್ಮನೆ ಕೂರಲಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನ ಚಾರ್ಟಿನಲ್ಲಿ ಒಂದು ಚುಕ್ಕಿ ಇಟ್ಟು, ಪಕ್ಕದಲ್ಲಿ ಒಂದೇ ಒಂದು ಪದ ಬರೆಯಲಿ. ಬರೆದಾದ ಮೇಲಷ್ಟೇ ಸುತ್ತಿನಲ್ಲಿ ಮಾತು. ಬರೆಸದೆ ಬಾಯಲ್ಲೇ ಕೇಳಿದರೆ ಮೊದಲ ಮಗು ಹೇಳಿದ್ದನ್ನೇ ಉಳಿದವರೂ ಒಪ್ಪಿಸುತ್ತಾರೆ. ಸುತ್ತನ್ನು ಮೆಂಟರ್ ಶುರುಮಾಡಿದರೆ ಒಳ್ಳೆಯದು, ‘ಬಸ್ಸು ತಡವಾಗಿ ಕಿರಿಕಿರಿಯಾಗಿದೆ, ಕೆಂಪು’ ಎನ್ನುವಂಥ ಸಣ್ಣ ನಿಜದೊಂದಿಗೆ. ‘ಪಾಸ್’ ಎನ್ನುವ ಹಕ್ಕು ಎಲ್ಲರಿಗೂ ಇರಬೇಕು, ಅದಕ್ಕೆ ಕಾರಣ ಕೇಳಬಾರದು.

ನಮ್ಮ ಮಕ್ಕಳಿಂದ ಬರುವ ಉತ್ತರ ಬಹುಪಾಲು ‘ಬೇಜಾರು’. ಜಗಳವಾದರೂ ಬೇಜಾರು, ಪಾಠ ತಲೆಗೆ ಹೋಗದಿದ್ದರೂ ಬೇಜಾರು, ಅಮ್ಮ ಊರಿಗೆ ಹೋದರೂ ಬೇಜಾರು. ‘ಯಾಕೆ?’ ಎಂದು ಕೇಳಿದರೆ ಮಗು ತಪ್ಪೊಪ್ಪಿಕೊಳ್ಳುವವರ ಹಾಗೆ ಮುದುಡುತ್ತದೆ. ‘ಮೈಯಲ್ಲಿ ಎಲ್ಲಿ ಗೊತ್ತಾಗ್ತಿದೆ? ಏನಾದ್ರೂ ಎತ್ತಿ ಎಸೀಬೇಕು ಅನ್ಸುತ್ತಾ, ಮುಸುಕು ಹಾಕ್ಕೊಂಡು ಮಲಗ್ಬೇಕು ಅನ್ಸುತ್ತಾ?’ ಎಂದು ಕೇಳಿ. ಎಸೆಯಬೇಕೆನಿಸಿದರೆ ಕೆಂಪು, ಮಲಗಬೇಕೆನಿಸಿದರೆ ನೀಲಿ. ಕೆಂಪಿನ ಮಗುವಿಗೆ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ ನೆರವಾಗಬಹುದು. ನೀಲಿಯ ಮಗುವಿಗೆ ಜೊತೆಗೊಬ್ಬರು ಬೇಕಿರಬಹುದು.

ಇದನ್ನು ಕೆಡಿಸುವುದು ಹೆಚ್ಚಾಗಿ ದೊಡ್ಡವರ ಒಳ್ಳೆಯ ಮನಸ್ಸೇ. ಮಗು ‘ನೀಲಿ’ ಎಂದ ಕೂಡಲೇ ‘ಬೇಸರ ಪಡಬೇಡ, ನಗು ನೋಡೋಣ’ ಎಂದರೆ ಹಳದಿ, ಹಸಿರು ಮಾತ್ರ ಸರಿಯಾದ ಉತ್ತರ ಎಂದು ಅದು ಕಲಿಯುತ್ತದೆ. ಮುಂದಿನ ವಾರದಿಂದ ಸುಳ್ಳು ಚುಕ್ಕಿ ಇಡುತ್ತದೆ. ಚಾರ್ಟನ್ನು ಗೋಡೆಗೆ ಹಾಕಿ ಹೆಸರು ಬರೆಸುವುದು, ಪೋಷಕರ ಸಭೆಯಲ್ಲಿ ತೋರಿಸುವುದೂ ಬೇಡ.

ಹಾಗೆಂದು ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಲೂ ಬಾರದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098. ‘ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಆದರೆ ನಿಮಗೆ ಅಪಾಯ ಇದೆ ಅನ್ನಿಸಿದರೆ ಸಹಾಯ ಮಾಡೋರಿಗೆ ಹೇಳ್ತೀನಿ’ ಎಂಬ ಮಾತನ್ನು ಮೊದಲ ದಿನ, ಮೊದಲ ಚುಕ್ಕಿಗೂ ಮುಂಚೆ ಹೇಳಿರಬೇಕು.